ತಿರುಗುವ ಭೂಮಿ, ಸರಿಯುವ ಕಕ್ಷೆ

ತಿರುವನಂತಪುರ ನಗರದ ಉತ್ತರದ ಅಂಚಿನಲ್ಲಿ, ಕೊಲ್ಲಂ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಕಳಕ್ಕೂಟಂ ಎಂಬ ಊರಿದೆ. 1990ರಲ್ಲಿ ಸ್ಥಾಪಿತವಾದ ಟೆಕ್ನೋಪಾರ್ಕಿನಿಂದಾಗಿ ಈ ಹೆಸರು ದೇಶದಾದ್ಯಂತ ಪರಿಚಿತವಾಗಿದೆ. ಆದರೆ ಇದಕ್ಕೂ ಮೊದಲೇ ಈ ಪರಿಸರಕ್ಕೆ ವಿಜ್ಞಾನದ ಇತಿಹಾಸದಲ್ಲಿ ಸ್ಥಾನ ದೊರೆತಿತ್ತು. ಇಲ್ಲಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಸಮುದ್ರತೀರದ ತುಂಬಾ ಎಂಬ ಮೀನುಗಾರರ ಗ್ರಾಮದಿಂದ 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೇಲೇರಿದ ಮೊದಲ ಸಂಶೋಧನಾ ರಾಕೆಟ್ಟನ್ನು ಹಾರಿಸಲಾಯಿತು. ಭೂಮಿಯ ಕಾಂತೀಯ ಸಮಭಾಜಕ ವೃತ್ತವು ಈ ಪ್ರದೇಶದ ಸಮೀಪದಲ್ಲಿ ಹಾದುಹೋಗುತ್ತಿದ್ದುದೇ ಈ ಆಯ್ಕೆಗೆ ಮುಖ್ಯ ಕಾರಣ. ಅಂದಿನ ಉಡಾವಣಾ ಕೇಂದ್ರವೇ ಮುಂದೆ ಬೆಳೆದು ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವಾಯಿತು. ಪಿ.ಎಸ್.ಎಲ್.ವಿ. ಎಂಬ ಧ್ರುವೀಯ ಉಪಗ್ರಹ ಉಡಾವಣಾ ವಾಹನವು ರೂಪುಗೊಂಡದ್ದು ಇಲ್ಲಿಯೇ.

ಉಪಗ್ರಹವೊಂದನ್ನು ಕಕ್ಷೆಗೆ ಸೇರಿಸಿದರೆ ಕೆಲಸ ಮುಗಿಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಕಕ್ಷೆಯು ಆಕಾಶದಲ್ಲಿ ಅಚಲವಾಗಿ ನಿಲ್ಲುವ ಬಳೆಯಲ್ಲ. ಅದು ದಿನದಿನಕ್ಕೂ ಸರಿಯುತ್ತದೆ. ಈ ಸರಿತದ ಬಹುಭಾಗಕ್ಕೆ ಭೂಮಿಯ ಆಕಾರ ಕಾರಣ. ಅತಿ ಸೂಕ್ಷ್ಮವಾದ ಒಂದು ಅಂಶಕ್ಕೆ ಮಾತ್ರ ಕಾರಣವಾಗಿರುವುದು ಭೂಮಿಯ ಭ್ರಮಣವೇ. ಐನ್‌ಸ್ಟೈನರ ಗುರುತ್ವ ಸಿದ್ಧಾಂತವನ್ನು ತಿದ್ದಲು ಹೊರಟಿರುವ ಹೊಸ ಸಿದ್ಧಾಂತಗಳಲ್ಲಿ ಕೆಲವನ್ನು ಪರೀಕ್ಷಿಸಲು ಈ ಸೂಕ್ಷ್ಮ ಅಂಶವೇ ಒರೆಗಲ್ಲಾಗಿದೆ. ಅದು ಹೇಗೆಂಬುದು ಈ ಪಾಠದ ವಿಷಯ.

ಮೊದಲು ಪದಗಳ ಬಗ್ಗೆ ಒಂದು ಮಾತು. ಒಂದು ಕಾಯವು ತನ್ನ ಅಕ್ಷದ ಮೇಲೆ ತಾನೇ ತಿರುಗುವುದನ್ನು ಭ್ರಮಣವೆಂದೂ, ಇನ್ನೊಂದು ಕಾಯವನ್ನು ಸುತ್ತುವುದನ್ನು ಪರಿಭ್ರಮಣವೆಂದೂ ಶಾಲಾ ಪಠ್ಯಗಳು ಕಲಿಸುತ್ತವೆ. ಈ ಭೇದವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಲಾಗಿದೆ. ಉಪಗ್ರಹದ ಕಕ್ಷೆಯು ಭೂಮಿಯ ಸಮಭಾಜಕ ತಲವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದುವನ್ನು ಪಾತ ಎಂದು ಕರೆಯೋಣ. ಈ ಪದ ಹೊಸದಲ್ಲ. ಚಂದ್ರನ ಕಕ್ಷೆ ಮತ್ತು ಸೂರ್ಯನ ಪಥಗಳು ಸಂಧಿಸುವ ಎರಡು ಪಾತಗಳೇ ನಮ್ಮ ಪಂಚಾಂಗಗಳ ರಾಹು ಮತ್ತು ಕೇತು. ರಾಹುವು ಹಿಮ್ಮುಖವಾಗಿ ಚಲಿಸುತ್ತಾ ಒಂದೊಂದು ರಾಶಿಯಲ್ಲಿ ಸುಮಾರು ಒಂದೂವರೆ ವರ್ಷ ಇರುತ್ತಾನೆಂದು ಪಂಚಾಂಗ ನೋಡುವವರೆಲ್ಲ ಬಲ್ಲರು. ಸೂರ್ಯನ ಸೆಳೆತದಿಂದ ಚಂದ್ರನ ಕಕ್ಷಾತಲವು 18.6 ವರ್ಷಗಳಿಗೊಮ್ಮೆ ಒಂದು ಸುತ್ತು ಹಿಂದಕ್ಕೆ ತಿರುಗುವುದರ ಫಲವದು. ಅಂದರೆ ಕಕ್ಷೆಗಳು ಸರಿಯುತ್ತವೆ ಎಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು. ಅದರ ಕಾರಣ ಮಾತ್ರ ನ್ಯೂಟನ್ನರ ನಂತರ ಸ್ಪಷ್ಟವಾಯಿತು.

ಕೃತಕ ಉಪಗ್ರಹದ ಪಾತವನ್ನು ಸರಿಸುವ ಪ್ರಧಾನ ಶಕ್ತಿ ಭೂಮಿಯ ಉಬ್ಬು. ಭೂಮಿಯ ಸಮಭಾಜಕ ತ್ರಿಜ್ಯ 6,378 ಕಿಲೋಮೀಟರ್, ಧ್ರುವೀಯ ತ್ರಿಜ್ಯ 6,357 ಕಿಲೋಮೀಟರ್. ನಡುವಿನಲ್ಲಿ ಹೆಚ್ಚಿರುವ ಈ 21 ಕಿಲೋಮೀಟರುಗಳ ದ್ರವ್ಯವು ಉಪಗ್ರಹವನ್ನು ಓರೆಯಾಗಿ ಎಳೆಯುತ್ತದೆ. ಓರೆ ಎಳೆತಕ್ಕೆ ಸಿಕ್ಕಿದ ಬುಗುರಿ ಬೀಳುವ ಬದಲು ತಲೆ ತಿರುಗಿಸುವಂತೆ, ಕಕ್ಷಾತಲವೂ ನಿಧಾನವಾಗಿ ತಿರುಗುತ್ತದೆ. ದೂರಸಂವೇದಿ ಉಪಗ್ರಹಗಳನ್ನು ಕಳುಹಿಸುವವರು ಇದನ್ನು ತೊಡಕೆಂದು ಭಾವಿಸದೆ ಉಪಕರಣವಾಗಿ ಬಳಸಿಕೊಂಡಿದ್ದಾರೆ. ಸುಮಾರು 800 ಕಿಲೋಮೀಟರ್ ಎತ್ತರದಲ್ಲಿ ಕಕ್ಷೆಯ ಓರೆಯನ್ನು 98 ಅಂಶಗಳಿಗಿಂತ ತುಸು ಹೆಚ್ಚಾಗಿ ಇಟ್ಟರೆ ಕಕ್ಷಾತಲವು ವರ್ಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಿ ಸೂರ್ಯನೊಡನೆ ಹೊಂದಿಕೊಳ್ಳುತ್ತದೆ. ಉಪಗ್ರಹವು ಪ್ರತಿದಿನ ಒಂದೇ ಸ್ಥಳೀಯ ಸಮಯಕ್ಕೆ ಒಂದು ಪ್ರದೇಶದ ಮೇಲೆ ಹಾದುಹೋಗುತ್ತದೆ. 1988ರ ಐ.ಆರ್.ಎಸ್.-1ಎ ಇಂಥ ಕಕ್ಷೆಯಲ್ಲಿಯೇ ಇತ್ತು. 1994ರ ಅಕ್ಟೋಬರಿನಲ್ಲಿ ಪಿ.ಎಸ್.ಎಲ್.ವಿ. ತನ್ನ ಮೊದಲ ಯಶಸ್ವೀ ಹಾರಾಟದಲ್ಲಿ ಕೊಂಡೊಯ್ದ ಐ.ಆರ್.ಎಸ್.-ಪಿ2 ಕೂಡ ಹಾಗೆಯೇ.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಭೂಮಿಯ ಉಬ್ಬು ಉಂಟಾದದ್ದು ಅದರ ಭ್ರಮಣದಿಂದಲೇ. ಆದರೂ ನ್ಯೂಟನ್ನರ ಲೆಕ್ಕದಲ್ಲಿ ಉಪಗ್ರಹವನ್ನು ಎಳೆಯುವುದು ಆ ಉಬ್ಬಿನ ದ್ರವ್ಯ, ತಿರುಗುವಿಕೆ ಅಲ್ಲ. ಪರಿಪೂರ್ಣ ಗೋಳವೊಂದನ್ನು ಕಲ್ಪಿಸಿಕೊಂಡರೆ ಅದು ಸ್ತಬ್ಧವಾಗಿರಲಿ, ಬುಗುರಿಯಂತೆ ಗಿರ್ರನೆ ತಿರುಗುತ್ತಿರಲಿ, ಸುತ್ತುವ ಉಪಗ್ರಹಕ್ಕೆ ಎರಡೂ ಒಂದೇ. ಐನ್‌ಸ್ಟೈನರು 1915ರಲ್ಲಿ ಮಂಡಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವು ಇದನ್ನು ಒಪ್ಪುವುದಿಲ್ಲ. ಅದರ ಸಮೀಕರಣಗಳನ್ನು ಬಳಸಿ ಆಸ್ಟ್ರಿಯಾದ ಗಣಿತಜ್ಞ ಯೋಸೆಫ್ ಲೆನ್ಸ್ ಮತ್ತು ಭೌತವಿಜ್ಞಾನಿ ಹಾನ್ಸ್ ಥಿರಿಂಗ್ 1918ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ತಿರುಗುವ ಕಾಯವು ತನ್ನ ಸುತ್ತಲಿನ ದೇಶಕಾಲವನ್ನು ತಾನು ತಿರುಗುವ ದಿಕ್ಕಿನಲ್ಲಿ ತುಸು ಸೆಳೆದೊಯ್ಯುತ್ತದೆ. ಆದ್ದರಿಂದ ಅದನ್ನು ಸುತ್ತುವ ಕಾಯದ ಪಾತವೂ ಅದೇ ದಿಕ್ಕಿನಲ್ಲಿ ಸರಿಯುತ್ತದೆ ಎಂಬುದು ಅದರ ಸಾರ. ಇದಕ್ಕೆ ಲೆನ್ಸ್–ಥಿರಿಂಗ್ ಪರಿಣಾಮವೆಂದು ಹೆಸರು. ಈ ಲೇಖನದಲ್ಲಿ ‘ಚೌಕಟ್ಟಿನ ಸೆಳೆತ’ ಎಂಬ ಪದವನ್ನೂ ಬಳಸಲಾಗಿದೆ. ‘ಎಳೆತ’ ಎಂದರೆ ಹಗ್ಗ ಕಟ್ಟಿ ಜಗ್ಗಿದಂತಾಗುತ್ತದೆ. ಹೊಳೆಯ ನೀರಿಗೆ ಹೊಂದುವ ‘ಸೆಳೆತ’ವೇ ಇಲ್ಲಿ ಹೆಚ್ಚು ಒಪ್ಪುತ್ತದೆ.

ಈ ಪರಿಣಾಮವನ್ನು ವಿವರಿಸಲು ಒಂದು ಹೋಲಿಕೆಯನ್ನು ಕೊಡುವುದು ವಾಡಿಕೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಮಂದವಾಗುತ್ತಿರುವಾಗ ನಡುವೆ ಒಂದು ಗುಂಡನ್ನು ತಿರುಗಿಸಿದರೆ ಸುತ್ತಲಿನ ಪಾಕವೂ ತಿರುಗುತ್ತದೆ. ಅದರಲ್ಲಿ ತೇಲುವ ಹುಲ್ಲುಕಡ್ಡಿಯೂ ಜೊತೆಗೆ ಸಾಗುತ್ತದೆ. ಹೋಲಿಕೆ ಸೊಗಸಾಗಿದೆ, ಆದರೆ ದೂರ ಕೊಂಡೊಯ್ಯುವಂಥದಲ್ಲ. ಅದನ್ನು ನಂಬಿದರೆ ಭೂಮಿಯ ಭ್ರಮಣದ ದಿಕ್ಕಿನಲ್ಲಿ ಸುತ್ತುವ ಉಪಗ್ರಹವು ಪ್ರವಾಹದೊಡನೆ ಈಜುವವನಂತೆ ಬೇಗ ಸುತ್ತು ಮುಗಿಸಬೇಕು. ಸಿದ್ಧಾಂತ ಹೇಳುವುದು ಇದಕ್ಕೆ ವಿರುದ್ಧ. ಸಮಭಾಜಕ ವೃತ್ತದ ಮೇಲೆ ಒಂದೇ ಎತ್ತರದಲ್ಲಿ ಎರಡು ಉಪಗ್ರಹಗಳು ಎದುರುಬದುರಾಗಿ ಸುತ್ತುತ್ತಿದ್ದರೆ, ಭೂಮಿಯ ಜೊತೆಗೆ ಸಾಗುವುದಕ್ಕೇ ಪ್ರತಿ ಸುತ್ತಿಗೆ ತುಸು ಹೆಚ್ಚು ಕಾಲ ಬೇಕು. ವ್ಯತ್ಯಾಸವು ಒಂದು ಸೆಕೆಂಡಿನ ಕೋಟಿ ಭಾಗಗಳಲ್ಲಿ ಒಂದೂವರೆ ಭಾಗಕ್ಕಿಂತಲೂ ಕಡಿಮೆ.

ಕಾಂತತ್ವದ ಹೋಲಿಕೆ ಇದಕ್ಕಿಂತ ಉತ್ತಮ. ತುಂಬಾದ ಆಯ್ಕೆಗೆ ಕಾರಣವಾದ ಕಾಂತೀಯ ಸಮಭಾಜಕ ವೃತ್ತವನ್ನು ಇಲ್ಲಿ ನೆನೆಯಬಹುದು. ಸ್ಥಿರವಾದ ವಿದ್ಯುದಾವೇಶವು ವಿದ್ಯುತ್ ಕ್ಷೇತ್ರವನ್ನು ಮಾತ್ರ ಉಂಟುಮಾಡುತ್ತದೆ. ಅದೇ ಆವೇಶವು ಚಲಿಸಿದರೆ ಕಾಂತಕ್ಷೇತ್ರವೂ ಹುಟ್ಟುತ್ತದೆ. ಭೂಮಿಯ ಒಡಲಿನಲ್ಲಿ ಹರಿಯುವ ವಿದ್ಯುತ್ಪ್ರವಾಹಗಳಿಂದ ಅದರ ಕಾಂತಕ್ಷೇತ್ರ ಉಂಟಾಗಿರುವುದು ಹೀಗೆಯೇ. ಐನ್‌ಸ್ಟೈನರ ಸಿದ್ಧಾಂತದ ಪ್ರಕಾರ ದ್ರವ್ಯವೂ ಇದೇ ರೀತಿ ವರ್ತಿಸುತ್ತದೆ. ನಿಂತ ದ್ರವ್ಯಕ್ಕೆ ಗುರುತ್ವ. ತಿರುಗುವ ದ್ರವ್ಯಕ್ಕೆ ಗುರುತ್ವದ ಜೊತೆಗೆ, ಕಾಂತಕ್ಷೇತ್ರವನ್ನು ಹೋಲುವ ಇನ್ನೊಂದು ಕ್ಷೇತ್ರ. ಒಂದು ವ್ಯತ್ಯಾಸವುಂಟು. ಒಂದೇ ದಿಕ್ಕಿನಲ್ಲಿ ಹರಿಯುವ ಎರಡು ವಿದ್ಯುತ್ಪ್ರವಾಹಗಳು ಪರಸ್ಪರ ಆಕರ್ಷಿಸುತ್ತವೆ. ಒಂದೇ ದಿಕ್ಕಿನ ಎರಡು ದ್ರವ್ಯಪ್ರವಾಹಗಳ ನಡುವಿನ ಈ ಹೆಚ್ಚುವರಿ ಬಲವಾದರೋ ವಿಕರ್ಷಣೆಯದು. ಭೂಮಿಯ ಜೊತೆಗೆ ಸುತ್ತುವ ಉಪಗ್ರಹದ ಮೇಲೆ ಒಟ್ಟು ಆಕರ್ಷಣೆ ಎಳ್ಳಷ್ಟು ಕಡಿಮೆಯಾಗುವುದರಿಂದ ಅದು ನಿಧಾನವಾಗುತ್ತದೆ. ಆಲೆಮನೆಯ ಹೋಲಿಕೆ ಎಡವಿದ ಸ್ಥಳ ಇದೇ.

ಈ ಪರಿಣಾಮ ಎಷ್ಟು ಚಿಕ್ಕದು? ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಅಮೆರಿಕವು 1976ರಲ್ಲಿ ಹಾರಿಸಿದ ಲೇಜಿಯೋಸ್ ಎಂಬ ಉಪಗ್ರಹವು ಸುಮಾರು 5,900 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿದೆ. ಅದು 60 ಸೆಂಟಿಮೀಟರ್ ವ್ಯಾಸದ, 400 ಕಿಲೋಗ್ರಾಮಿಗೂ ಮಿಕ್ಕಿ ತೂಗುವ ಲೋಹದ ಗೋಳ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಮೈತುಂಬ 426 ಪ್ರತಿಫಲಕಗಳು ಮಾತ್ರ. ನೆಲದಿಂದ ಲೇಸರ್ ಕಿರಣವನ್ನು ಕಳುಹಿಸಿ, ಅದು ಮರಳಿ ಬರುವ ಕಾಲವನ್ನು ಅಳೆದು, ಗೋಳದ ದೂರವನ್ನು ಸೆಂಟಿಮೀಟರಿನ ಮಟ್ಟದಲ್ಲಿ ತಿಳಿಯಲಾಗುತ್ತದೆ. ಭೂಮಿಯ ಉಬ್ಬಿನಿಂದ ಲೇಜಿಯೋಸಿನ ಪಾತವು ವರ್ಷಕ್ಕೆ ಸುಮಾರು 125 ಅಂಶಗಳಷ್ಟು ಪೂರ್ವಕ್ಕೆ ಸರಿಯುತ್ತದೆ. ಚೌಕಟ್ಟಿನ ಸೆಳೆತದಿಂದ ಸರಿಯುವುದು ಒಂದು ವಿಕಲೆಯ ಸಾವಿರ ಭಾಗಗಳಲ್ಲಿ 31 ಭಾಗ ಮಾತ್ರ. ಕಕ್ಷೆಯ ಮೇಲೆ ಇದು ವರ್ಷಕ್ಕೆ ಎರಡು ಮೀಟರಿಗೂ ಕಡಿಮೆ. ಸುಮಾರು ಒಂದೂವರೆ ಕೋಟಿಯಲ್ಲಿ ಒಂದು ಪಾಲನ್ನು ಉಬ್ಬಿನ ಪರಿಣಾಮದಿಂದ ಬೇರ್ಪಡಿಸಿ ತೋರಿಸಬೇಕೆಂದರೆ ಕೆಲಸದ ಕಷ್ಟ ಅರಿವಾದೀತು. ದೂರ ಹೆಚ್ಚಿದಂತೆ ಪರಿಣಾಮವು ದೂರದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ನಮ್ಮ 800 ಕಿಲೋಮೀಟರ್ ಎತ್ತರದ ದೂರಸಂವೇದಿ ಉಪಗ್ರಹಕ್ಕೆ ಅದು ವರ್ಷಕ್ಕೆ ಐದು ಮೀಟರಿನಷ್ಟು. 36,000 ಕಿಲೋಮೀಟರ್ ಎತ್ತರದಲ್ಲಿರುವ ನಾವಿಕ್ ವ್ಯವಸ್ಥೆಯ ಉಪಗ್ರಹಗಳಿಗೆ ಒಂದು ಗೇಣಿಗಿಂತಲೂ ಕಡಿಮೆ.

ಇಷ್ಟು ಚಿಕ್ಕ ಸಂಖ್ಯೆಗಾಗಿ ದಶಕಗಳ ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಉತ್ತರವು ಪರಿಷ್ಕೃತ ಗುರುತ್ವ ಸಿದ್ಧಾಂತಗಳಲ್ಲಿದೆ. ಐನ್‌ಸ್ಟೈನರ ಸಿದ್ಧಾಂತವು ಈವರೆಗಿನ ಪರೀಕ್ಷೆಗಳಲ್ಲಿ ಗೆದ್ದಿದೆ. ಆದರೆ ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳ ವೇಗವನ್ನು ವಿವರಿಸಲು ಕಾಣದ ದ್ರವ್ಯವನ್ನೂ, 1998ರಲ್ಲಿ ತಿಳಿದುಬಂದ ವಿಶ್ವದ ವೇಗೋತ್ಕರ್ಷಿತ ವಿಸ್ತರಣೆಯನ್ನು ವಿವರಿಸಲು ಕಾಣದ ಶಕ್ತಿಯನ್ನೂ ಊಹಿಸಬೇಕಾಗಿದೆ. ಕ್ವಾಂಟಮ್ ಸಿದ್ಧಾಂತದೊಡನೆ ಅದಿನ್ನೂ ಹೊಂದಿಕೊಂಡಿಲ್ಲ. ಆದ್ದರಿಂದ ಸಮೀಕರಣಗಳನ್ನೇ ತಿದ್ದಬೇಕೆ ಎಂದು ಯೋಚಿಸುವವರು ಇದ್ದಾರೆ.

ಇಂಥ ತಿದ್ದುಪಡಿಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದದ್ದು 1961ರ ಬ್ರಾನ್ಸ್–ಡಿಕೆ ಸಿದ್ಧಾಂತ. ಗುರುತ್ವ ಸ್ಥಿರಾಂಕವು ನಿಜವಾಗಿ ಸ್ಥಿರವಲ್ಲ, ಅದೂ ಒಂದು ಕ್ಷೇತ್ರಕ್ಕೆ ಅಧೀನ ಎಂಬುದು ಅದರ ಪ್ರತಿಪಾದನೆ. ಅದರ ಪ್ರಕಾರ ಚೌಕಟ್ಟಿನ ಸೆಳೆತವು ಐನ್‌ಸ್ಟೈನರು ಹೇಳಿದ್ದಕ್ಕಿಂತ ಅತ್ಯಲ್ಪ ಕಡಿಮೆ. ಆದರೆ ಇದನ್ನು ಪರೀಕ್ಷಿಸಲು ಉಪಗ್ರಹಗಳ ಪಾತವನ್ನು ಅಳೆಯುವ ಅಗತ್ಯವೇ ಇಲ್ಲ. ಸೂರ್ಯನ ಸಮೀಪದಲ್ಲಿ ಹಾದುಬಂದ ಕಸಿನಿ ನೌಕೆಯ ರೇಡಿಯೋ ಸಂಕೇತಗಳ ವಿಳಂಬವನ್ನು ಅಳೆದು 2003ರಲ್ಲಿ ಪ್ರಕಟಿಸಿದ ಫಲಿತಾಂಶವು ಈ ಸಿದ್ಧಾಂತಕ್ಕೆ ಉಳಿಸಿರುವ ಅವಕಾಶ ಎಷ್ಟು ಕಿರಿದೆಂದರೆ, ಸೆಳೆತದಲ್ಲಿ ಕಾಣಬಹುದಾದ ವ್ಯತ್ಯಾಸ ಹತ್ತಾರು ಸಾವಿರದಲ್ಲಿ ಒಂದು ಪಾಲನ್ನೂ ಮೀರುವುದಿಲ್ಲ. ಉಪಗ್ರಹಗಳ ಅಳತೆ ಅಷ್ಟು ನಿಖರತೆಯನ್ನು ಇನ್ನೂ ಮುಟ್ಟಿಲ್ಲ.

ಚರ್ನ್–ಸೈಮನ್ಸ್ ಗುರುತ್ವ ಸಿದ್ಧಾಂತದ ಸಂಗತಿ ಬೇರೆ. ರೋಮನ್ ಜಾಕೀವ್ ಮತ್ತು ಸೋ ಯಂಗ್ ಪೈ 2003ರಲ್ಲಿ ಮಂಡಿಸಿದ ಈ ತಿದ್ದುಪಡಿಯು ಐನ್‌ಸ್ಟೈನರ ಸಮೀಕರಣಕ್ಕೆ, ಎಡಬಲಗಳ ಭೇದವನ್ನು ಎಣಿಸುವ ಒಂದು ಪದವನ್ನು ಸೇರಿಸುತ್ತದೆ. ಕನ್ನಡಿಯಲ್ಲಿ ಕಂಡಾಗ ಭೇದ ತೋರದ ವ್ಯವಸ್ಥೆಗಳಲ್ಲಿ ಆ ಪದವು ಮೌನವಾಗಿರುತ್ತದೆ. ಸ್ತಬ್ಧವಾದ ಗೋಳದ ಸುತ್ತ ಎರಡೂ ಸಿದ್ಧಾಂತಗಳು ಅಕ್ಷರಶಃ ಒಂದೇ ಉತ್ತರವನ್ನು ಕೊಡುತ್ತವೆ. ಬುಧಗ್ರಹದ ಕಕ್ಷೆಯ ಸರಿತ, ಸೂರ್ಯನ ಬಳಿ ಬೆಳಕಿನ ಬಾಗುವಿಕೆ, ರೇಡಿಯೋ ಸಂಕೇತದ ವಿಳಂಬ ಮೊದಲಾದ ಪ್ರಸಿದ್ಧ ಪರೀಕ್ಷೆಗಳಲ್ಲಿ ಯಾವುದೂ ಇವನ್ನು ಬೇರ್ಪಡಿಸಲಾರದು. ಗೋಳವು ತಿರುಗತೊಡಗಿದ ಕ್ಷಣ ಭೇದ ಹೊರಬೀಳುತ್ತದೆ. ಏಕೆಂದರೆ ತಿರುಗುವಿಕೆಗೆ ಎಡ ಬಲ ಉಂಟು. ಭ್ರಮಣದ ಪರಿಣಾಮವನ್ನು ಅಳೆಯದೆ ಗುರುತ್ವವನ್ನು ಪೂರ್ಣವಾಗಿ ಪರೀಕ್ಷಿಸಿದ್ದೇವೆಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಈ ಲೇಖಕನಿಗೆ ಕಾಣದು. 2008ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಉಪಗ್ರಹಗಳ ಅಳತೆಗಳನ್ನು ಬಳಸಿ, ಈ ಸಿದ್ಧಾಂತದ ಒಂದು ರೂಪದಲ್ಲಿ ಬರುವ ವಿಶಿಷ್ಟ ಉದ್ದವು ಸುಮಾರು 1,000 ಕಿಲೋಮೀಟರಿಗಿಂತ ಹೆಚ್ಚಿರಲಾರದೆಂದು ತೋರಿಸಿತು. ಅದೇ ಸಿದ್ಧಾಂತದ ಇನ್ನೊಂದು ರೂಪದಲ್ಲಿ ವ್ಯತ್ಯಾಸವು ದೂರದೊಡನೆ ಬಹುಬೇಗ ಕ್ಷೀಣಿಸುವುದರಿಂದ, ಭೂಮಿಯಂಥ ಸಾಧಾರಣ ಕಾಯಕ್ಕಿಂತ ನ್ಯೂಟ್ರಾನ್ ನಕ್ಷತ್ರ ಮತ್ತು ಕೃಷ್ಣರಂಧ್ರಗಳ ಬಳಿಯೇ ಅದನ್ನು ಹುಡುಕಬೇಕಾಗುತ್ತದೆ.

ಅಳತೆಗಳ ಕಥೆಯೂ ಸ್ವಾರಸ್ಯಕರವಾಗಿದೆ. ಅದರಲ್ಲಿ ಎರಡು ದಾರಿಗಳಿವೆ. ಒಂದು, ಗೈರೋಸ್ಕೋಪಿನ ದಾರಿ. ವೇಗವಾಗಿ ತಿರುಗುವ ಚಕ್ರ ಅಥವಾ ಗುಂಡು ತನ್ನ ಅಕ್ಷದ ದಿಕ್ಕನ್ನು ಬಿಡುವುದಿಲ್ಲವೆಂಬ ತತ್ತ್ವದ ಮೇಲೆ ರಾಕೆಟ್ಟುಗಳ ಮಾರ್ಗದರ್ಶನ ನಿಂತಿದೆ. ಇಸ್ರೋ ಸಂಸ್ಥೆಯ ಇಂಥ ಉಪಕರಣಗಳನ್ನು ರೂಪಿಸುವ ಜಡತ್ವ ವ್ಯವಸ್ಥೆಗಳ ಘಟಕವು ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿದೆ. ದೇಶಕಾಲವೇ ತಿರುಗಿದರೆ ಆ ಅಕ್ಷವೂ ತಿರುಗಬೇಕಷ್ಟೆ. ಇದನ್ನು ಪರೀಕ್ಷಿಸಲು ಅಮೆರಿಕವು 2004ರ ಏಪ್ರಿಲ್ 20ರಂದು ಗ್ರಾವಿಟಿ ಪ್ರೋಬ್-ಬಿ ಎಂಬ ಉಪಗ್ರಹವನ್ನು 642 ಕಿಲೋಮೀಟರ್ ಎತ್ತರದ ಧ್ರುವೀಯ ಕಕ್ಷೆಗೆ ಸೇರಿಸಿತು. ಅದರೊಳಗೆ ಟೇಬಲ್ ಟೆನ್ನಿಸ್ ಚೆಂಡಿನ ಗಾತ್ರದ ನಾಲ್ಕು ಸ್ಫಟಿಕ ಶಿಲೆಯ ಗುಂಡುಗಳು ದ್ರವ ಹೀಲಿಯಮಿನ ಚಳಿಯಲ್ಲಿ ತಿರುಗುತ್ತಿದ್ದವು. ನಿರೀಕ್ಷಿತ ಸೆಳೆತ ವರ್ಷಕ್ಕೆ 39 ಸಹಸ್ರಾಂಶ ವಿಕಲೆ. 400 ಮೀಟರ್ ದೂರದಲ್ಲಿ ಹಿಡಿದ ತಲೆಗೂದಲಿನ ದಪ್ಪ ಕಣ್ಣಿಗೆ ಮಾಡುವ ಕೋನ ಸರಿಸುಮಾರು ಇಷ್ಟೇ. ಶೇಕಡ 1ರ ನಿಖರತೆಯನ್ನು ಬಯಸಲಾಗಿತ್ತು. ಆದರೆ ಗುಂಡುಗಳ ಮೇಲ್ಮೈಯಲ್ಲಿದ್ದ ಅಸಮ ವಿದ್ಯುದ್ವಿಭವಗಳು ಅಡ್ಡಿಯಾದವು. ಆ ದೋಷವನ್ನು ಲೆಕ್ಕದಿಂದ ತೆಗೆಯಲು ವರ್ಷಗಳೇ ಹಿಡಿದು, 2011ರಲ್ಲಿ ಬಂದ ಅಂತಿಮ ಉತ್ತರ 37.2, ಅನಿಶ್ಚಿತತೆ 7.2. ಐನ್‌ಸ್ಟೈನರಿಗೆ ಇದು ವಿರುದ್ಧವಲ್ಲ. ಆದರೆ ಶೇಕಡ 19ರಷ್ಟು ಅನಿಶ್ಚಿತತೆಯುಳ್ಳ ಒರೆಗಲ್ಲಿನ ಮೇಲೆ ಸೂಕ್ಷ್ಮ ಭೇದಗಳು ಮೂಡಲಾರವು.

ಎರಡನೆಯದು ಪ್ರತಿಫಲಕ ಗೋಳಗಳ ದಾರಿ. ಇದರಲ್ಲಿ ಅಡಗಿರುವ ಯುಕ್ತಿ ಬಹು ಸರಳ. ಸಮಭಾಜಕ ತಲಕ್ಕೆ 110 ಅಂಶ ಓರೆಯಾದ ಕಕ್ಷೆಯೊಂದನ್ನೂ, ಅದೇ ಎತ್ತರದಲ್ಲಿ 70 ಅಂಶ ಓರೆಯಾದ ಇನ್ನೊಂದನ್ನೂ ತೆಗೆದುಕೊಂಡರೆ, ಭೂಮಿಯ ಉಬ್ಬು ಒಂದರ ಪಾತವನ್ನು ಪೂರ್ವಕ್ಕೂ ಇನ್ನೊಂದರದನ್ನು ಅಷ್ಟೇ ಪ್ರಮಾಣದಲ್ಲಿ ಪಶ್ಚಿಮಕ್ಕೂ ಸರಿಸುತ್ತದೆ. ಚೌಕಟ್ಟಿನ ಸೆಳೆತವಾದರೋ ಎರಡನ್ನೂ ಪೂರ್ವಕ್ಕೇ ಒಯ್ಯುತ್ತದೆ. ಎರಡು ಸರಿತಗಳನ್ನು ಕೂಡಿಸಿದರೆ ಉಬ್ಬು ಅಳಿದು ಸೆಳೆತ ಉಳಿಯುತ್ತದೆ. ಇಟಲಿಯ ಇಗ್ನಾಜಿಯೋ ಚುಫೊಲೀನಿ 1986ರಲ್ಲಿಯೇ ಇದನ್ನು ಸೂಚಿಸಿದ್ದರೂ ಸರಿಯಾದ ಜೋಡಿ ಬಹುಕಾಲ ದೊರೆಯಲಿಲ್ಲ. 1992ರಲ್ಲಿ ಹಾರಿದ ಲೇಜಿಯೋಸ್-2ರ ಓರೆ ಸುಮಾರು 53 ಅಂಶಗಳಾಗಿದ್ದು, ಪೂರ್ಣ ಪರಿಹಾರಕ್ಕೆ ಸಾಲದಾಗಿತ್ತು. 2002ರಲ್ಲಿ ಹಾರಿದ ಗ್ರೇಸ್ ಉಪಗ್ರಹಗಳು ಭೂಮಿಯ ಗುರುತ್ವದ ನಕ್ಷೆಯನ್ನು ಬಹುಪಾಲು ಸುಧಾರಿಸಿದ ಮೇಲೆ, 2004ರಲ್ಲಿ ಚುಫೊಲೀನಿ ಮತ್ತು ಪಾವ್ಲಿಸ್ ಈ ಎರಡು ಗೋಳಗಳಿಂದ ಶೇಕಡ 99ರಷ್ಟು ಸೆಳೆತವನ್ನು ಕಂಡುದಾಗಿಯೂ ಅನಿಶ್ಚಿತತೆ ಶೇಕಡ 5ರಿಂದ 10ರೊಳಗೆಂದೂ ವರದಿ ಮಾಡಿದರು. ಅನಿಶ್ಚಿತತೆಯನ್ನು ಕಡಿಮೆಯಾಗಿ ಎಣಿಸಲಾಗಿದೆ ಎಂಬ ಆಕ್ಷೇಪಗಳು ಎದ್ದವು, ಅವು ಅನುಚಿತವೆನ್ನುವಂತಿಲ್ಲ. ಉಬ್ಬಿನ ಪರಿಣಾಮವನ್ನು ಕೋಟಿಯಲ್ಲಿ ಒಂದು ಪಾಲಿನಷ್ಟು ತಪ್ಪಾಗಿ ತಿಳಿದರೂ ಅಳೆಯಹೊರಟದ್ದೇ ಮುಳುಗಿಹೋಗುವ ಲೆಕ್ಕವಿದು. 2012ರಲ್ಲಿ ಟಂಗ್‌ಸ್ಟನ್ ಮಿಶ್ರಲೋಹದ ಲಾರೆಸ್ ಗೋಳ ಸೇರಿಕೊಂಡ ನಂತರ, 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಅನಿಶ್ಚಿತತೆಯನ್ನು ಶೇಕಡ 2ಕ್ಕೆ ಇಳಿಸಿತು.

ಈ ವಿಷಯದಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ತೆರಳಿದ ಸಿ. ವಿ. ವಿಶ್ವೇಶ್ವರ ಅವರು 1968ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಿರುಗದ ಕೃಷ್ಣರಂಧ್ರಕ್ಕೂ ತಿರುಗುವುದಕ್ಕೂ ಇರುವ ಒಂದು ಮೂಲಭೂತ ಭೇದವನ್ನು ನಿರೂಪಿಸಿದರು. ತಿರುಗದ ರಂಧ್ರದಲ್ಲಿ, ನಿಶ್ಚಲವಾಗಿ ನಿಲ್ಲಲು ಸಾಧ್ಯವಿರುವ ಕೊನೆಯ ಎಲ್ಲೆಯೂ ಮರಳಿ ಬರಲಾಗದ ಎಲ್ಲೆಯೂ ಒಂದೇ. ತಿರುಗುವ ರಂಧ್ರದಲ್ಲಿ ಅವು ಬೇರೆಬೇರೆ. ಅವುಗಳ ನಡುವಿನ ಪ್ರದೇಶದಲ್ಲಿ ಸೆಳೆತ ಎಷ್ಟು ಪ್ರಬಲವೆಂದರೆ ಬೆಳಕೂ ಸೇರಿದಂತೆ ಎಲ್ಲವೂ ರಂಧ್ರದೊಡನೆ ತಿರುಗಲೇಬೇಕು. 1970ರಲ್ಲಿ ಅವರು, ಕದಡಿದ ಕೃಷ್ಣರಂಧ್ರವು ಬಡಿದ ಗಂಟೆಯಂತೆ ನಾದ ಹೊರಡಿಸಿ ಕ್ರಮೇಣ ಶಾಂತವಾಗುವುದೆಂದು ತೋರಿಸಿದರು. 1993ರಲ್ಲಿ ಬಾಲ ಐಯರ್ ಅವರೊಡಗೂಡಿ ದೇಶಕಾಲದಲ್ಲಿ ಗೈರೋಸ್ಕೋಪಿನ ಅಕ್ಷ ತಿರುಗುವ ಬಗೆಯನ್ನು ವಿವರಿಸುವ ಪ್ರಬಂಧವನ್ನು ಪ್ರಕಟಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರೂ ಆಗಿದ್ದ ಅವರು 2017ರ ಜನವರಿಯಲ್ಲಿ ನಿಧನರಾದರು. ಅದಕ್ಕೆ ಮುಂಚೆ, 2015ರ ಸೆಪ್ಟೆಂಬರ್ 14ರಂದು ಎರಡು ಕೃಷ್ಣರಂಧ್ರಗಳು ವಿಲೀನಗೊಂಡ ಗುರುತ್ವ ತರಂಗವು ಪ್ರಥಮ ಬಾರಿಗೆ ದಾಖಲಾಗಿತ್ತು. ಅಂಥ ನಾದದ ಸ್ಥಾಯಿಯು ರಂಧ್ರದ ದ್ರವ್ಯರಾಶಿ ಮತ್ತು ಭ್ರಮಣಗಳನ್ನು ಅವಲಂಬಿಸಿರುವುದರಿಂದ, ಪರಿಷ್ಕೃತ ಸಿದ್ಧಾಂತಗಳಿಗೆ ಅದೂ ಒಂದು ಪರೀಕ್ಷೆಯಾಗಿದೆ.

ಭೂಮಿಯಿಂದ ಹೊರಗೆ ಪಾತದ ಸರಿತವನ್ನು ತೋರಿಸಿದ ಒಂದು ಜೋಡಿ ನಕ್ಷತ್ರವನ್ನು ಇಲ್ಲಿ ಹೆಸರಿಸಬೇಕು. ಜೆ1141–6545 ಎಂಬ ಪಲ್ಸಾರ್ ಒಂದು ಶ್ವೇತಕುಬ್ಜದ ಜೊತೆಗೂಡಿ ಐದು ಗಂಟೆಗಿಂತ ಕಡಿಮೆ ಅವಧಿಯಲ್ಲಿ ಒಂದು ಸುತ್ತು ಮುಗಿಸುತ್ತದೆ. ಸುಮಾರು ಇಪ್ಪತ್ತು ವರ್ಷಗಳ ಕಾಲ ಅದರ ಮಿಡಿತಗಳನ್ನು ಗಮನಿಸಿ, ಕಕ್ಷೆಯ ಓರೆ ಬದಲಾಗುತ್ತಿರುವುದನ್ನು ವಿವೇಕ್ ವೆಂಕಟರಾಮನ್ ಕೃಷ್ಣನ್ ಮತ್ತು ಸಹೋದ್ಯೋಗಿಗಳು 2020ರಲ್ಲಿ ಪ್ರಕಟಿಸಿದರು. ಶ್ವೇತಕುಬ್ಜವು ಕೆಲವೇ ನಿಮಿಷಗಳಿಗೊಮ್ಮೆ ತನ್ನ ಸುತ್ತ ತಿರುಗುತ್ತಿರುವುದೇ ಇದಕ್ಕೆ ಕಾರಣ. ಅಲ್ಲಿಯೂ ಉಬ್ಬಿನ ಪರಿಣಾಮ ಮತ್ತು ಭ್ರಮಣದ ಸೆಳೆತ ಎರಡೂ ಬೆರೆತಿವೆ.

ಚುಫೊಲೀನಿಯವರು ಬಯಸಿದ ಜೋಡಿ ಈಗ ದೊರೆತಿದೆ. 2022ರ ಜುಲೈ 13ರಂದು ಹಾರಿಸಲಾದ ಲಾರೆಸ್-2 ಸುಮಾರು 5,900 ಕಿಲೋಮೀಟರ್ ಎತ್ತರದಲ್ಲಿ 70.16 ಅಂಶಗಳ ಓರೆಯಲ್ಲಿ ನೆಲೆಸಿದೆ. 1976ರ ಹಳೆಯ ಲೇಜಿಯೋಸಿನ ಓರೆ 109.84 ಅಂಶ, ಎರಡೂ ಕೂಡಿದರೆ 180. ಎರಡೂ ಗೋಳಗಳಲ್ಲಿ ಇಂಧನವಾಗಲಿ ಯಂತ್ರವಾಗಲಿ ಇಲ್ಲದ ಕಾರಣ ಕೆಡುವಂಥದೇನೂ ಇಲ್ಲ. ನೆಲದ ಲೇಸರ್ ಕೇಂದ್ರಗಳು ಅವುಗಳ ದೂರವನ್ನು ಅಳೆಯುತ್ತಿವೆ. ಉಬ್ಬು ಅಳಿದ ಮೇಲೆ ಎರಡು ಪಾತಗಳ ಮೊತ್ತವು ಐನ್‌ಸ್ಟೈನರ ಪ್ರಕಾರ ವರ್ಷಕ್ಕೆ ಸುಮಾರು 61 ಸಹಸ್ರಾಂಶ ವಿಕಲೆಗಳಷ್ಟು ಪೂರ್ವಕ್ಕೆ ಬೆಳೆಯಬೇಕು. ವರ್ಷಗಳು ಕೂಡಿದಂತೆ ಈ ಮೊತ್ತವೂ ಕೂಡುತ್ತದೆ, ಅನಿಶ್ಚಿತತೆ ಕುಗ್ಗುತ್ತದೆ. ಮೊತ್ತವು 61ರ ಬಳಿಯೇ ನಿಂತರೆ ಚರ್ನ್–ಸೈಮನ್ಸ್ ಸಿದ್ಧಾಂತದಂಥ ತಿದ್ದುಪಡಿಗಳಿಗೆ ಭೂಮಿಯ ಸಮೀಪದಲ್ಲಿ ಉಳಿದಿರುವ ಅವಕಾಶ ಇನ್ನಷ್ಟು ಕಿರಿದಾಗುತ್ತದೆ; 60 ಅಥವಾ 62ರ ಕಡೆಗೆ ನಿಶ್ಚಿತವಾಗಿ ವಾಲಿದರೆ 1915ರ ಸಮೀಕರಣಗಳನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಗುತ್ತದೆ.